ತೊಳೆದು ಒಣಗಿಸಿ ಮಡಿಸಿಟ್ಟದ್ದು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಹಾಲಿನ ಕವರು ಎರಡು, ಸಕ್ಕರೆಯದು ಒಂದು, ಬ್ರೆಡ್ಡಿನದು ಒಂದು. ತೊಳೆದು, ಒಳಹೊರಗು ಮಾಡಿ, ಹಗ್ಗಕ್ಕೆ ಕ್ಲಿಪ್ ಹಾಕಿದೆ. ಕ್ಲಿಪ್ಪೂ ಪ್ಲಾಸ್ಟಿಕ್ಕೇ ಎಂದು ಇವಳು ದಿನವೂ ನೆನಪಿಸುತ್ತಾಳೆ. ಹೆಂಡತಿಯ ಕರ್ತವ್ಯ ಇರಬೇಕು.

ಇವತ್ತೂ ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿದ್ದಾಳೆ. ಎಷ್ಟು ಸಲ ಹೇಳುವುದು? ಮೂಲೆ ಕವರಿಗೆ ಅಂಟಿಕೊಂಡೇ ಇರಬೇಕು. ಬೇರೆಯಾದರೆ ಆ ಚೂರು ಚರಂಡಿಗೆ, ಅಲ್ಲಿಂದ ಯಾವುದೋ ಮೀನಿನ ಹೊಟ್ಟೆಗೆ. ಸಿಂಕಿನ ಜಾಲರಿಯಲ್ಲಿ ಹುಡುಕಿದೆ. ಸಿಗಲಿಲ್ಲ.

"ಬೇರೆ ಗಂಡಸರು ಕಳೆದುಹೋದ ಉಂಗುರ ಹುಡುಕ್ತಾರೆ," ಎಂದಳು.

ಫೆಬ್ರವರಿ 9, ಭಾನುವಾರ

ಬಿಸ್ಕತ್ತಿನ ಕಂಪನಿಯಿಂದ ಉತ್ತರ ಬಂತು. ಹನ್ನೆರಡು ಬಿಸ್ಕತ್ತಿಗೆ ಮೂರು ಹೊದಿಕೆ ಯಾಕೆ ಎಂದು ಬರೆದಿದ್ದೆ. ತಮ್ಮ ಅಮೂಲ್ಯ ಸಲಹೆಗೆ ಋಣಿಗಳಂತೆ. ಜೊತೆಗೆ ಕಾಣಿಕೆ — ಒಂದೊಂದೇ ಬಿಸ್ಕತ್ತಿಗೆ ಒಂದೊಂದು ಕವರು, ಅದಕ್ಕೊಂದು ತಟ್ಟೆ, ತಟ್ಟೆಗೆ ಡಬ್ಬಿ, ಡಬ್ಬಿಯ ಸುತ್ತ ಗುಳ್ಳೆಯ ಹಾಳೆ. ಸಂಜೆಯೆಲ್ಲ ಟಿವಿ ಮುಂದೆ ಕೂತು ಇವಳು ಗುಳ್ಳೆ ಒಡೆದಳು. ಪಟ್, ಪಟ್. ನನ್ನ ತಲೆಯ ಮೇಲೇ ಒಡೆದ ಹಾಗೆ.

ನಾನು ಓದಲು ಕಲಿತದ್ದು ಅಂಗಡಿಯ ಪೊಟ್ಟಣಗಳಿಂದ. ಹಳೆಯ ಪತ್ರಿಕೆಯ ಹಾಳೆ. ಸಕ್ಕರೆ ಸುರಿದುಕೊಂಡ ಮೇಲೆ ಅಮ್ಮ ನನಗೆ ಕೊಡುತ್ತಿದ್ದಳು. ಕಥೆ ಅರ್ಧಕ್ಕೇ ಹರಿದಿರುತ್ತಿತ್ತು. ಎಣ್ಣೆಗೆ ಸೀಸೆ, ಹಾಲಿಗೆ ಚೊಂಬು, ನಾವೇ ಒಯ್ಯಬೇಕು. ಅದಕ್ಕೆ ಪರಿಸರ ಎಂದು ಹೆಸರಿರಲಿಲ್ಲ. ಆಮೇಲೆ ಬಂದ ಕಂಪನಿಯವರು ಬಳಸಿ ಬಿಸಾಡುವುದೇ ನಾಗರಿಕತೆ ಎಂದರು. ಗೋಡೆಗೋಡೆಯ ಮೇಲೆ ಬರೆಸಿದರು, ಮರೆತಿಲ್ಲ. ಈಗ ಅವರೇ ಕವರಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ: ದಯವಿಟ್ಟು ಸ್ವಚ್ಛತೆ ಕಾಪಾಡಿ. ಮಾಡುವವನು ಅವನು, ಕಾಪಾಡಬೇಕಾದವನು ನಾನು. ಅಚ್ಚುಕೂಟದಲ್ಲಿ ಕರಡು ತಿದ್ದಿ ಸವೆದ ಕಣ್ಣು ಇದು. ಇಂಥದ್ದು ಕಾಣದೆ ಇರುವುದಿಲ್ಲ.

ಫೆಬ್ರವರಿ 22

ಅಕ್ಕನಿಗೆ ಲಕ್ವ ಹೊಡೆದಿದೆ. ಎಡಭಾಗ ಪೂರ್ತಿ ಬಿದ್ದಿದೆಯಂತೆ. ಮಾತು ಉಳಿದಿದೆ, ಬಲಗೈ ಉಳಿದಿದೆ. ಇನ್ನೆರಡು ವಾರದಲ್ಲಿ ಆಸ್ಪತ್ರೆಯಿಂದ ಕಳಿಸುತ್ತಾರೆ. ಭಾವ ಹೋಗಿ ಕಾಲವಾಯಿತು, ಮಕ್ಕಳಿಲ್ಲ. ಇಲ್ಲಿಗಲ್ಲದೆ ಇನ್ನೆಲ್ಲಿಗೆ?

ಇರುವುದು ಹಿಂದಿನ ಕೋಣೆ. ಅದರ ತುಂಬ ನನ್ನ ಚೀಲಗಳು — ತೊಳೆದು ಒಣಗಿಸಿ ಮಡಿಸಿಟ್ಟ ಕವರು, ಕಿಟಕಿಯ ಎತ್ತರಕ್ಕೆ. ಪ್ಲಾಸ್ಟಿಕ್ ಸಂಗ್ರಹ ಕೇಂದ್ರದವರು ಇವನ್ನು ಕರಗಿಸಿ ಹಲಗೆ ಮಾಡುತ್ತೇವೆ, ಹೇಳಿ ಕಳಿಸುತ್ತೇವೆ ಎಂದಿದ್ದರು. ಎರಡು ವರ್ಷದಿಂದ ಕಾಯುತ್ತಿದ್ದೇನೆ.

"ರೀ, ಆ ಕೋಣೇಲಿ ಅತ್ತಿಗೆ ಇರ್ಬೇಕು, ಇಲ್ಲ ನಿಮ್ಮ ಕವರ್ ಇರ್ಬೇಕು. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡುವಂಥದ್ದೇನು ಅದರಲ್ಲಿ? ಆದರೂ... ಮಾಡಿದೆ.

ಮಾರ್ಚ್ 1

ವ್ಯಾನ್ ಗೊತ್ತುಮಾಡಿ ಚೀಲಗಳನ್ನು ಕೇಂದ್ರಕ್ಕೆ ಒಯ್ದೆ. ಕೇಂದ್ರವಿಲ್ಲ. ಅಲ್ಲಿ ಮೊಬೈಲ್ ಅಂಗಡಿ. ಹಳೆಯ ಬೋರ್ಡಿನ ಮೊಳೆ ಮಾತ್ರ ಗೋಡೆಯಲ್ಲಿ ಉಳಿದಿದೆ. ಅಲ್ಲಿಂದ ಗುಜರಿಯವನ ಹತ್ತಿರ. ಒಂದು ಕವರನ್ನು ಬೆರಳಲ್ಲಿ ಉಜ್ಜಿ ನೋಡಿ ವಾಪಸ್ ಕೊಟ್ಟ. ಬಾಟಲಿ ಇದ್ದರೆ ತನ್ನಿ ಸಾರ್, ಈ ತೆಳ್ಳಗಿನದು ಯಾರಿಗೂ ಬೇಡ ಎಂದ.

ಚೀಲಗಳೊಡನೆ ಮನೆಗೆ. ಇವಳು ಬಾಗಿಲು ತೆರೆದು, ಚೀಲಗಳಿಗೆ ದಾರಿ ಬಿಟ್ಟು ನಿಂತಳು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 4

ಕಸದ ಲಾರಿಗೆ ಹಾಕಿದೆ. ನಾನೇ, ಈ ಕೈಯಿಂದಲೇ.

ಲಾರಿಯವನು ಚೀಲದ ಬಾಯಿ ಬಿಚ್ಚಿ ನೋಡಿ ನಕ್ಕ. "ಇಷ್ಟು ಕ್ಲೀನಾಗಿರೋ ಕಸ ಜನ್ಮದಲ್ಲಿ ನೋಡಿಲ್ಲ ಸಾರ್. ಇದನ್ನ ಎಸೆಯೋಕೇ ಮನಸ್ಸು ಬರಲ್ಲ." ಎಸೆದ. ಹಿಡಿಕೆ ಎಳೆದ. ಲಾರಿ ಅವನ್ನು ಯಾರ ಮನೆಯದೋ ಹಳಸಿದ ಅನ್ನದ ಜೊತೆ ಅದುಮಿ ಒಳಗೆಳೆದುಕೊಂಡಿತು. ಬೀದಿಯಲ್ಲಿ ಹಸಿರು ಡಬ್ಬಿ ಬೇರೆ, ನೀಲಿ ಡಬ್ಬಿ ಬೇರೆ. ಲಾರಿಗೆ ಹೊಟ್ಟೆ ಒಂದೇ.

ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದೆ.

ಮಾರ್ಚ್ 8, ಶನಿವಾರ

ಅಕ್ಕ ಬಂದಳು. ಅವಳಿಗಿಂತ ಮೊದಲು ಅವಳ ಸಾಮಾನು ಬಂತು — ರಬ್ಬರ್ ಶೀಟು, ಕೈಗವಸು, ಔಷಧಿ ಬಾಟಲಿಗಳು, ದೊಡ್ಡವರ ಡೈಪರಿನ ಕಟ್ಟುಗಳು. ಚೀಲಗಳಿದ್ದ ಜಾಗ ಮತ್ತೆ ಕಿಟಕಿಯವರೆಗೆ ತುಂಬಿತು. ಇವಳು ಕಿಟಕಿಯಲ್ಲಿ ಒಂದು ಹೂವಿನ ಕುಂಡ ಇಟ್ಟಿದ್ದಾಳೆ. ಬಡಕಲು ಗಿಡ.

ಡೈಪರಿನ ಕವರಿನ ಮೇಲಿನ ಸಣ್ಣ ಅಕ್ಷರ ಓದಿದೆ. ಅಭ್ಯಾಸಬಲ — ಗಟ್ಟಿಯಾಗಿಯೇ ಓದಿದೆ. ಇದು ಮಣ್ಣಲ್ಲಿ ಕರಗಲು ನೂರಾರು ವರ್ಷ ಬೇಕು ಎಂದೂ ಸೇರಿಸಿದೆ. ಅದು ಕವರಿನ ಮೇಲಿರಲಿಲ್ಲ.

"ಹಾಗಾದ್ರೆ ನನಗಿಂತ ನನ್ನ ಉಚ್ಚೆಗೇ ಆಯಸ್ಸು ಜಾಸ್ತಿ ಅನ್ನು," ಎಂದಳು ಅಕ್ಕ. ಮೂವರೂ ನಕ್ಕೆವು. ಅವಳದು ಅರ್ಧ ಮುಖದ ನಗು.

ಬಚ್ಚಲಲ್ಲಿ ಕೆಂಪು ಬಕೆಟ್ ಕಂಡು ಗುರುತು ಹಿಡಿದಳು. ಮೊದಲ ಸಂಬಳದಲ್ಲಿ ಅವಳೇ ತಂದದ್ದು, ನಮ್ಮ ಮನೆಯ ಮೊದಲ ಪ್ಲಾಸ್ಟಿಕ್ಕು. ಬೀದಿಯವರೆಲ್ಲ ಬಂದು ಎತ್ತಿ ನೋಡಿದ್ದರು, ಎಷ್ಟು ಹಗುರ ಎಂದು. ಅಮ್ಮ ಅದನ್ನು ಒರೆಸಿ ಬೀರುವಿನ ಮೇಲೆ ಇಡುತ್ತಿದ್ದಳು. ನಾನು ಅದರೊಳಗೆ ತಲೆ ಹಾಕಿ ಕೂಗುತ್ತಿದ್ದೆ.

ಮಾರ್ಚ್ 12

ಡೈಪರ್ ಬದಲು ಬಟ್ಟೆ ಕಟ್ಟಿ ನೋಡೋಣ ಎಂದೆ. ಹಳೆಯ ಪಂಚೆ ಹರಿದು ಮಡಿಸಿದೆ. ಒಗೆಯುವವನು ನಾನೇ ಎಂದು ಮಾತು ಕೊಟ್ಟಿದ್ದೆ, ಒಗೆದೆ. ನನ್ನ ಸೊಂಟ ಬಿತ್ತು. ಅಕ್ಕನ ತೊಡೆ ಕೆಂಪಗಾಗಿ ಸುಲಿಯಿತು. ಒಂದು ಮಾತೂ ಆಡಲಿಲ್ಲ ಅವಳು. ಇವಳೇ ನೋಡಿದ್ದು.

"ಊರಿಗೆ ಉಪಕಾರಿ, ಮನೆಗೆ ಮಾರಿ. ನಿಮಗೇ ಹೇಳಿದ್ದು," ಎಂದು ಪಂಚೆಯ ಚೂರುಗಳನ್ನೆಲ್ಲ ನನ್ನ ಮೇಜಿನ ಮೇಲೆ ಇಟ್ಟುಹೋದಳು. ಮತ್ತೆ ಡೈಪರ್.

ಮಾರ್ಚ್ 27

ಅಂಗಡಿಯವನ ಜೊತೆ ಜಗಳ. ನನ್ನ ಕಾಟಕ್ಕೇ ಅವನು ಕಾಗದದ ಸ್ಟ್ರಾ ತರಿಸಿ ಇಟ್ಟಿದ್ದಾನೆ. ಅದೂ ಪ್ಲಾಸ್ಟಿಕ್ ಕವರಿನೊಳಗೆ. ನನಗೇನು ಗೊತ್ತು ಸಾರ್, ಹಾಗೇ ಬರತ್ತೆ ಎನ್ನುತ್ತಾನೆ. ಈ ಕಾಲದ ಮಂತ್ರ ಅದೇ. ಎಲ್ಲವೂ ಹಾಗೇ ಬರುತ್ತದೆ. ಯಾರೂ ಕಳಿಸಿದವರಿಲ್ಲ.

ಏಪ್ರಿಲ್ 19, ಶನಿವಾರ

ಬಹಳ ದಿನದ ಮೇಲೆ ಒಂದು ಒಳ್ಳೆಯ ಸುದ್ದಿ. ಅಕ್ಕನ ಕೋಣೆಯ ಬುಟ್ಟಿ ಅರ್ಧವೂ ತುಂಬುತ್ತಿಲ್ಲ. ದಿನಕ್ಕೆ ನಾಲ್ಕಾಗುತ್ತಿದ್ದ ಡೈಪರ್ ಎರಡಕ್ಕೆ ಇಳಿದಿದೆ. ದೇಹ ಹಿಡಿತಕ್ಕೆ ಬರುತ್ತಿದೆ ಎಂದು ತೋರುತ್ತದೆ. ಇವಳಿಗೆ ಕೂಗಿ ಹೇಳಿದೆ, ಬಂದು ನೋಡು ಎಂದು. ಅಕ್ಕನೂ ನಕ್ಕಳು. ಅವಳೀಗ ಹಾಲಿನ ಕವರನ್ನು ಒಂದೇ ಕೈಯಲ್ಲಿ, ಹಲ್ಲಿನಿಂದ ಕಚ್ಚಿ, ಮೂಲೆ ಬೇರೆಯಾಗದ ಹಾಗೆ ಸೀಳುತ್ತಾಳೆ. ನೋಡಿ ಕಲಿ ಎಂದೆ ಇವಳಿಗೆ.

ಅಕ್ಕ ಕಾಫಿ ಮಾತ್ರ ಬಿಟ್ಟುಬಿಟ್ಟಿದ್ದಾಳೆ. ಸೇರುವುದಿಲ್ಲವಂತೆ. ಕಿಟಕಿಯ ಗಿಡ ಚೆನ್ನಾಗಿ ಚಿಗುರಿದೆ.

ಏಪ್ರಿಲ್ 30. ಸಂಜೆ

ಅಕ್ಕನಿಗೆ ಚಳಿಜ್ವರ. ನನ್ನನ್ನು ಅಪ್ಪ ಎಂದು ಕರೆದಳು. ಆಂಬುಲೆನ್ಸಿಗೆ ಫೋನ್ ಮಾಡಿ

ಮೇ 1

ಮೂತ್ರದ ಸೋಂಕು, ರಕ್ತಕ್ಕೆ ಏರಿದೆ. ಕಿಡ್ನಿಗಳು ಸೋತಿವೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೈಯಲ್ಲಿ ನೀರೇ ಇಲ್ಲ, ಎಷ್ಟು ದಿನದಿಂದ ಕುಡಿಯುತ್ತಿಲ್ಲ ಎಂದು ಕೇಳಿದರು. ಕುಡಿಯುತ್ತಾರಲ್ಲ, ದಿನಾ ಜಗ್ಗು ಖಾಲಿಯಾಗುತ್ತದೆ ಎಂದಳು ಇವಳು. ಎಂದವಳು ಅಲ್ಲಿಗೇ ನಿಂತಳು. ನನ್ನ ಮುಖ ನೋಡಿದಳು.

ಕುಂಡ. ಹಾಸಿಗೆಯಿಂದ ಬಲಗೈ ಚಾಚಿದರೆ ಸಿಗುವ ಕಿಟಕಿಯ ಕುಂಡ, ಚಿಗುರಿದ ಗಿಡ.

ಮೇ 3

ಪ್ರಜ್ಞೆ ಬಂದಿದೆ. ಸುತ್ತ ಚೀಲ, ನಳಿಗೆ, ಸಿರಿಂಜು, ಎಲ್ಲವೂ ಅದೇ ವಸ್ತು. ಹನಿ ಹನಿಯಾಗಿ ಅವಳನ್ನು ಹಿಡಿದಿಟ್ಟಿರುವುದೂ ಅದೇ. ಯಾಕೆ ಹೀಗೆ ಮಾಡಿದೆ ಅಕ್ಕ ಎಂದು ಕೇಳಲೇಬಾರದಿತ್ತು, ಕೇಳಿದೆ.

"ಕುಡಿದ್ರೆ ತಾನೇ ಡೈಪರ್ ಬೇಕಾಗೋದು," ಎಂದಳು, ಮಗುವಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ. ಆಮೇಲೆ, "ನನ್ನ ಬುಟ್ಟಿ ನೋಡಿ ನೀನು ಖುಷಿ ಪಟ್ಟಿದ್ದು ಕೇಳಿಸ್ತು ಕಣೋ. ಬಂದ ದಿನ ಬಿಟ್ರೆ ನಿನ್ನ ಮುಖದಲ್ಲಿ ಅದೊಂದೇ ಸಲ ನಗು ಕಂಡಿದ್ದು. ನಿಂಗೆ ಇನ್ನೇನು ಕೊಡ್ಲಿ ನಾನು."

ಮನೆಗೆ ಬಂದು ಬಚ್ಚಲಲ್ಲಿ ಕೂತೆ. ಕೆಂಪು ಬಕೆಟ್ ಎದುರಿಗೇ ಇತ್ತು.

ಮೇ 6, ಮಂಗಳವಾರ. ಬೆಳಿಗ್ಗೆ

ಹಾಲಿನ ಕವರು ಕತ್ತರಿಸಿದೆ. ಮೂಲೆ ಬಿತ್ತು. ಹುಡುಕಲಿಲ್ಲ.

ಮೇ 7

ಡಾಕ್ಟರು ಇನ್ನು ಆಸೆ ಕೊಡುತ್ತಿಲ್ಲ. ಬಾಯಾರಿಕೆ ಎಂದರೆ ನೀರು ಕೊಡಿ, ಈಗ ಪಥ್ಯವೇನಿಲ್ಲ ಎಂದರು. ಲೋಟದಿಂದ ಆಗುವುದಿಲ್ಲ, ಸ್ಟ್ರಾ ಬೇಕು. ಅಂಗಡಿಗೆ ಓಡಿದೆ. ನನ್ನನ್ನು ಕಂಡವನೇ ಅವನು ಕಾಗದದ ಸ್ಟ್ರಾ ಎತ್ತಿ ಕೊಟ್ಟ. ಅದು ಅಕ್ಕನ ತುಟಿಯಲ್ಲಿ ನೆನೆದು ಮುದ್ದೆಯಾಯಿತು. ಮತ್ತೆ ಹೋದೆ. ಪ್ಲಾಸ್ಟಿಕ್ಕಿನದು ಕೊಡು ಎಂದೆ. ಒಂದಲ್ಲ, ಕಟ್ಟೇ ಕೊಡು. ಅವನು ನನ್ನನ್ನು ನೋಡಿದ. ಕಟ್ಟು ತೆಗೆದುಕೊಟ್ಟ.

ಎರಡು ಗುಟುಕು ಕುಡಿದಳು. ಮೂರನೆಯದಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು, ಇನ್ನೂ ಕುಡಿಯಬಹುದೇ ಎಂದು ಕೇಳುವವಳ ಹಾಗೆ.

ಕುಡಿ ಅಕ್ಕ, ಎಂದೆ. ಇನ್ನೂ ಇದೆ. ಎಷ್ಟು ಬೇಕಾದರೂ