ಹೊಳೆಗೆ ಬಿದ್ದ ಉಪ್ಪು

ಕೋಗಿಲಿನಲ್ಲಿರುವ ತಮ್ಮ ಅನಂತರಾಜುವಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ಮಾತಾಡಿದರೆ ಇಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ನೋಡಿಕೊಳ್ಳುವ ಅಪಾರ್ಟ್‌ಮೆಂಟಿನಲ್ಲಿ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ತೊಳೆದ ಉಪ್ಪುನೀರನ್ನು ಇನ್ನು ಕಾಲುವೆಗೆ ಬಿಡಬೇಡ ಕಣೋ, ತೊಟ್ಟಿಯಲ್ಲಿ ತುಂಬಿಸಿ ತ್ಯಾಜ್ಯ ಒಯ್ಯುವ ಟ್ಯಾಂಕರಿಗೆ ಕೊಡು. ನೀರು ತಿಳಿಯಾಗೇ ಇದೆ ಎನ್ನಬೇಡ. ಅದು ನಮ್ಮ ಹೊಳೆಗೆ ಸೇರಿ ಬೀನ್ಸ್ ಎಲೆಗಳ ಅಂಚೆಲ್ಲ ಸುಟ್ಟಿದೆ. ಯಾರದೋ ಕಣ್ಣು ಬಿದ್ದಿದೆಯೆಂದು ಅತ್ತೆ ತೋಟಕ್ಕೆ ಉಪ್ಪು ನಿವಾಳಿಸಿ ಹೊಳೆಗೇ ಎಸೆಯುತ್ತಿದ್ದಾರೆ. ಬೇಡವೆನ್ನಲು ಹೋದರೆ ನಿನ್ನ ಹೆಸರು ಹೇಳಬೇಕಾಗುತ್ತದೆ.

ಉಪ್ಪು ಎಲ್ಲಿಂದ ಬರುತ್ತಿದೆಯೆಂದು ನೋಡಲು ಭಾನುವಾರ ಊರಿನವರು ನೀರಿನ ಉಪ್ಪು ಅಳೆಯುವ ಮೀಟರ್ ಹಿಡಿದು ಹೊಳೆಯಗುಂಟ ಮೇಲಕ್ಕೆ, ನಿಮ್ಮ ಕೋಗಿಲಿನ ಕಡೆಗೇ ನಡೆದು ಬರುತ್ತಾರೆ. ಅಷ್ಟರೊಳಗೆ ನಿಲ್ಲಿಸು. ನಿನ್ನ ಭಾವ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ: "ಊಟದ್ ಯೋಚ್ನೆ ಬಿಡ್ರಿ, ಕೋಗಿಲಲ್ಲಿ ನಮ್ ಬಾಮೈದನ ಮನೆ ಐತೆ."

ನಿನ್ನ,
ಗಂಗಕ್ಕ