ಮೊದಲನೇ ಸಾಕೆಟ್ಟಿನ ವಾಲ್ವು

ರಿಪೇರಿ ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ನವೆಂಬರ್ ೧೪, ಬೆಳಿಗ್ಗೆ

ಪ್ರೀತಿಯ ಮಗಳು ಗಲಾಟೆಗೆ,

ಅಪ್ಪನ ಆಶೀರ್ವಾದ, ಅದರ ಬೆನ್ನಿಗೇ ಅಪ್ಪನ ಅಳುಕು. ಹೇಗಿದ್ದೀಯ? ಎಡಗೈ ಬೆರಳುಗಳು ಹೇಗಿವೆ? ಡಾಕ್ಟರು ನೋಡಿ ‘ಏನೂ ಆಗಿಲ್ವಲ್ಲಮ್ಮ’ ಅಂದರಂತೆ, ನೀನು ನಂಬಲಿಲ್ಲವಂತೆ. ಡಾಕ್ಟರನ್ನು ನಂಬದಿರುವುದು ನಮ್ಮ ವಂಶದ ಗುಣ, ನಿನ್ನನ್ನು ದೂರಲಾರೆ. ಆದರೆ ಈ ಸಲ ಅವರು ಹೇಳಿದ್ದು ನಿಜ. ಕನ್ನಡಕದ ಅಂಗಡಿಯ ಕೆಲಸ ಒಗ್ಗಿತೆ? ದಿನವಿಡೀ ಊರಿನವರಿಗೆ ‘ಇದು ಕಾಣುತ್ತಾ, ಅದು ಕಾಣುತ್ತಾ’ ಎಂದು ಅಕ್ಷರ ತೋರಿಸುವ ನಿನಗೆ ನನ್ನ ಕೈಬರಹವನ್ನು ಓದುವ ಶಕ್ತಿಯೂ ಬಂದಿರಲಿ. ಗಿಟಾರನ್ನು ಅಲ್ಲಿಯೂ ಮಂಚದ ಕೆಳಗೇ ತಳ್ಳಿದ್ದೀಯಂತೆ. ನಿನ್ನಮ್ಮ ಚೆನ್ನಾಗಿದ್ದಾಳೆ. ಹದಿನಾಲ್ಕು ತಿಂಗಳಿಂದ ಮೇಲಿನ ನಿನ್ನ ಕೋಣೆಯಿಂದ ಸದ್ದಿಲ್ಲವೆಂದು ಪಾತ್ರೆಗಳನ್ನು ಬೇಕೆಂದೇ ಕುಕ್ಕಿ ಇಡುತ್ತಾಳೆ.

ಇನ್ನು ಸುದ್ದಿ. ನನ್ನ ಮೂವತ್ತೆಂಟು ವರ್ಷದ ಕಸುಬಿನ ಘನ ಸಿದ್ಧಾಂತ ನಿನಗೆ ಗೊತ್ತೇ ಇದೆ: ಸ್ವಿಚ್ ಹಾಕಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಕಿವಿ ಕೊಟ್ಟಾಗ ಯಂತ್ರ ಮೌನವಾಗಿದ್ದರೆ ಅದು ಆರೋಗ್ಯವಂತ. ನಿನ್ನ ಗಿಟಾರಿನ ಆಂಪ್ಲಿಫೈಯರೋ ಹುಟ್ಟಾ ವಾಚಾಳಿ, ಯಾರೂ ನುಡಿಸದಿದ್ದಾಗಲೂ ಗುಂಯ್ ಅನ್ನುತ್ತಿತ್ತು. ತಂತಿಯ ಪಿಸುಮಾತನ್ನು ಒಂದರ ಹಿಂದೊಂದು ನಾಲ್ಕು ವಾಲ್ವುಗಳು (ನೀವು ಟ್ಯೂಬ್ ಅನ್ನುತ್ತೀರಿ, ರೇಡಿಯೋ ಕಾಲದ ನನಗೆ ಟ್ಯೂಬ್ ಎಂದರೆ ಗೋಡೆಯ ದೀಪ) ಹಿಗ್ಗಿಸಿ ಹಿಗ್ಗಿಸಿ ಗರ್ಜನೆ ಮಾಡುತ್ತವೆ. ಮೊದಲನೆಯದು ಸಣ್ಣಗೆ ಕೆಮ್ಮಿದರೂ ಮಿಕ್ಕ ಮೂರು ಅದನ್ನು ಬೀದಿಗೆಲ್ಲ ಸಾರುತ್ತವೆ, ನಿನ್ನ ಸೋದರತ್ತೆಯ ಹಾಗೆ. ಹದಿನಾಲ್ಕು ತಿಂಗಳ ಹಿಂದೆ, ನಿನ್ನ ಆ ಕಾರ್ಯಕ್ರಮದ ದಿನ ನೀನು ಸ್ವಿಚ್ ಹಾಕಿದವಳೇ ‘ಅಪ್ಪಾ, ಏನ್ ಮಾಡ್ದೆ? ಗುಂಯ್ ಅನ್ನೋದೇ ಇಲ್ಲ!’ ಎಂದು ಕುತ್ತಿಗೆಗೆ ಜೋತುಬಿದ್ದೆ. ‘ಏನಿಲ್ಲಮ್ಮ, ಸ್ವಲ್ಪ ಧೂಳು ಒರೆಸಿದೆ’ ಎಂದು ನಾನು ಗಂಭೀರವಾಗಿ ಹೇಳಿದೆ. ಸಂಜೆ, ನೀನೇ ಕಟ್ಟಿದ ಹಾಡಿನ ಕೊನೆಯಲ್ಲಿ, ಹತ್ತು ಎಣಿಸುವವರೆಗೆ ನಿಲ್ಲಬೇಕಿದ್ದ ಸ್ವರ ನಾಲ್ಕಕ್ಕೇ ಸತ್ತಿತು. ನೀನು ನಿನ್ನ ಬೆರಳುಗಳನ್ನು ನೋಡಿಕೊಂಡೆ. ಮರುದಿನ ಗಿಟಾರನ್ನು ಚೀಲಕ್ಕೆ ಹಾಕಿದವಳು ಇವತ್ತಿನವರೆಗೂ ತೆಗೆದಿಲ್ಲ.

ಹೋದ ತಿಂಗಳು ಗಡ್ಡದವನೊಬ್ಬ ನಿನ್ನದರಂಥದೇ ಆಂಪ್ಲಿಫೈಯರ್ ಪೆಟ್ಟಿಗೆ ಹೊತ್ತು ಅಂಗಡಿಗೆ ಬಂದ. ಅದಕ್ಕೂ ಗುಂಯ್ ರೋಗ. ನನ್ನ ಮಾಮೂಲಿ ಮದ್ದು ಮಾಡಿದೆ: ಮೊದಲನೇ ಸಾಕೆಟ್ಟಿನ ದೊಡ್ಡ ಬಾಯಿಯ ವಾಲ್ವು ತೆಗೆದು, ಅದರ ಐದನೇ ಒಂದು ಪಾಲು ಮಾತ್ರ ಹಿಗ್ಗಿಸುವ ಒಂದು ಸಾಧುಪ್ರಾಣಿಯನ್ನು ಕೂರಿಸಿದೆ. ಪೆಟ್ಟಿಗೆ ಮೌನವ್ರತ ಹಿಡಿಯಿತು. ಗಡ್ಡದವ ಅಲ್ಲೇ ಸ್ಟೂಲಿನ ಮೇಲೆ ಕೂತು ನುಡಿಸಿದ, ಸ್ವರ ಅರ್ಧದಲ್ಲೇ ಕುಸಿಯಿತು. ‘ಯಜಮಾನ್ರೇ, ಗಲಾಟೆ ಹೋಯ್ತು ನಿಜ, ಜೊತೆಗೆ ಜೀವಾನೂ ಹೋಯ್ತಲ್ಲ!’ ಅಂದ. ಒಳಗಿನಿಂದ ನಿನ್ನಮ್ಮ, ‘ಯಂತ್ರ ಆಗ್ಲಿ, ಮನುಷ್ಯರಾಗ್ಲಿ, ಬಾಯಿ ಮುಚ್ಚಿದ್ರೇನೇ ಇವ್ರಿಗೆ ಸಮಾಧಾನ’ ಎಂದು ಒಗ್ಗರಣೆ ಹಾಕಿದಳು. ಇಷ್ಟು ವರ್ಷ ನಾನು ಆಂಪ್ಲಿಫೈಯರುಗಳನ್ನು ಯಾರೂ ನುಡಿಸದೆ ಇದ್ದಾಗ ಮಾತ್ರ ಕೇಳಿದ್ದೇನೆ ಎಂದು ಆಗ ಹೊಳೆಯಿತು. ಕೂತುಕೊಳ್ಳಲು ಇನ್ನೊಂದು ಸ್ಟೂಲ್ ಬೇಕಾಯಿತು.

ಅವನ ಪೆಟ್ಟಿಗೆ ಸರಿಮಾಡಿ, ಅವನನ್ನೇ ಗುರು ಮಾಡಿಕೊಂಡು, ನಿನ್ನದನ್ನು ಮೇಲಿನ ಕೋಣೆಯಿಂದ ಕೆಳಗಿಳಿಸಿದೆ. ಅವನು ಮೀಟುತ್ತ ಹೋದ, ನಾನು ಮೊದಲನೇ ಸಾಕೆಟ್ಟಿಗೆ ಒಂದೊಂದೇ ವಾಲ್ವು ಹಾಕಿ ಪೆನ್ಸಿಲ್ಲಿನಿಂದ ತಟ್ಟುತ್ತ ಹೋದೆ. ತಟ್ಟಿದರೆ ಗಂಟೆಯಂತೆ ಕಣಕಣ ಅನ್ನುವುದನ್ನು ಹಿಂದಿನ ಸಾಕೆಟ್ಟಿಗೆ ತಳ್ಳುವುದು. ಸುಮ್ಮನೆ ‘ಟಕ್’ ಅಂದು, ಸ್ವರ ಬಂದಾಗ ಗರ್ಜಿಸುವುದನ್ನು ಮುಂದೆ ಇಡುವುದು. ಹನ್ನೊಂದು ಅಭ್ಯರ್ಥಿಗಳ ಸಂದರ್ಶನ ಮುಗಿದಾಗ ಗೆದ್ದದ್ದು ಯಾವುದು ಗೊತ್ತೆ? ನೀನು ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೆಯಲ್ಲ, ಅದೇ. ನನ್ನ ಡ್ರಾಯರಿನಲ್ಲಿ ಹತ್ತಿಯಲ್ಲಿ ಸುತ್ತಿಕೊಂಡು ಮಲಗಿತ್ತು. ಅಲ್ಲೇಕಿತ್ತು ಎಂದು ಕೇಳಲು ಅವಸರಪಡಬೇಡ.

ವಿಚಿತ್ರವೆಂದರೆ ದೊಡ್ಡ ಬಾಯಿಯ ಯಾವ ವಾಲ್ವು ಹಾಕಿದರೂ ಗುಂಯ್ ಅಷ್ಟೇ ಇತ್ತು. ಹಾಗಾದರೆ ಕಳ್ಳ ವಾಲ್ವಲ್ಲ. ಹುಡುಕಿದರೆ, ಗಿಟಾರಿನ ವೈರು ಚುಚ್ಚುವ ಜಾಗದಲ್ಲಿ ಅರ್ತ್ ವೈರಿನ ಬೆಸುಗೆ ಬಿರುಕು ಬಿಟ್ಟಿತ್ತು. ಹೊಟ್ಟೆಯುಬ್ಬಿದ, ಒಡ್ಡೊಡ್ಡಾದ ಬೆಸುಗೆ. ಹಾಕಿದ ಮಹಾನುಭಾವ ಯಾರೆಂದು ನೋಡಿದ ಕೂಡಲೇ ತಿಳಿಯಿತು, ನನ್ನ ಕೈಕೆಲಸ ನನಗೆ ಗೊತ್ತಾಗದೆ? ಕಾಯಿಸಿ ಹೊಸದಾಗಿ ಹಾಕಿದೆ. ವಾಲ್ವುಗಳಿಗೆ ಬಿಸಿ ಕೊಡುವ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು ಮೂಲೆಗೆ ಸರಿಸಿದೆ. ಗುಂಯ್ ಮುಕ್ಕಾಲು ಪಾಲು ಇಳಿಯಿತು. ಸಣ್ಣದೊಂದು ‘ಸ್ಸ್’ ಉಳಿದಿದೆ. ಅದನ್ನೂ ತೆಗೆಯಲು ಹೊರಟವನ ಕೈ ಹಿಡಿದು ಗಡ್ಡದವ, ‘ಉಸಿರಾಡೋಕಾದ್ರೂ ಬಿಡಿ ಅದನ್ನ’ ಅಂದ. ಬಿಟ್ಟೆ.

ಗುರುವಾರದ ಲಾರಿಗೆ ಪೆಟ್ಟಿಗೆ ಹಾಕುತ್ತೇನೆ. ನಿನ್ನಮ್ಮ ಹಳೆಯ ಪರದೆ ಹರಿದು ಅದಕ್ಕೊಂದು ಅಂಗಿ ಹೊಲಿದಿದ್ದಾಳೆ. ಕನ್ನಡಕದಂಗಡಿಯ ನಿನ್ನ ಯಜಮಾನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ನಿನ್ನ ಹತ್ತು ಬೆರಳಿಗೂ ನೂರು ವರ್ಷ ಆಯಸ್ಸಿರಲಿ.

ಇಂತಿ,
ಮೌನದ ವ್ಯಾಪಾರಿ,
ನಿನ್ನ ಅಪ್ಪ

ತಾ.ಕ.: ಅಮ್ಮ ಲಕೋಟೆ ಅಂಟಿಸಲು ಗೋಂದಿನ ಬಾಟಲಿ ಹಿಡಿದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಆ ದಿನ ನಾನು ಧೂಳು ಒರೆಸಲಿಲ್ಲ. ನೀನು ಸ್ನಾನಕ್ಕೆ ಹೋಗಿದ್ದಾಗ ಕೆಂಪು ಚುಕ್ಕೆಯ ವಾಲ್ವು ಕಿತ್ತು ಅಂಥದೇ ಒಂದು ಸಾಧುಪ್ರಾಣಿಯನ್ನು ಕೂರಿಸಿದ್ದೆ. ಸ್ವರ ಸತ್ತಾಗ ಮೂರನೇ ಸಾಲಿನಲ್ಲಿದ್ದ ನನಗೆ ಅನುಮಾನ ಬಂದಿತ್ತು. ನೀನು ಬೆರಳು ನೋಡಿಕೊಂಡೆ, ನಾನು ಚಪ್ಪಲಿ ನೋಡಿಕೊಂಡೆ. ಪೆಟ್ಟಿಗೆಯ ಕಡೆ ನೀನು ತಿರುಗಿಯೂ ನೋಡಲಿಲ್ಲ, ಅಪ್ಪ ಮುಟ್ಟಿದ್ದಲ್ಲವೇ! ಮೆಟ್ಟಿಲ ಮೇಲೆ ಕೂತು ‘ನನ್ ಕೈಯೇ ನನ್ ಮಾತು ಕೇಳ್ತಿಲ್ಲಪ್ಪ’ ಎಂದು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ. ಬೆರಳು ತಪ್ಪಲಿಲ್ಲ ಮಗಳೇ, ಒಂದೂ ತಪ್ಪಲಿಲ್ಲ. ಪೆಟ್ಟಿಗೆ ಬಂದ ಮೇಲೆ ಆ ಕೊನೆಯ ಸ್ವರ ಮೀಟಿ ಎಣಿಸು. ಹತ್ತು ದಾಟಿದರೆ, ಬೈಯುವುದಕ್ಕಾದರೂ ಫೋನ್ ಮಾಡು.