ಕೆಂಪು ದೀಪದ ಹಿಂದಿನ ತೂತು

ವರ್ಲಿನ್,

ನಮ್ಮ ಗಾಲಿಮನೆ ಟ್ರೇಲರಿನ ಒಳಗೋಡೆಗೆ ಹೊಸ ಹಲಗೆ ಹೊಡೆಯಬೇಡ, ಇದೂ ಕೊಳೆತುಹೋದೀತು. ಸುತ್ತಿಗೆ ಬಚ್ಚಿಟ್ಟಿದ್ದೇನೆ. ಮಳೆನೀರು ಸೋರುವ ಜಾಗ ಸಿಕ್ಕಿತು!

ಎಲೆ ಊದುವ ಯಂತ್ರವನ್ನು ಕಿಟಕಿಗಿಟ್ಟು ಒಳಗೆ ಗಾಳಿ ತುಂಬಿಸಿ, ಹೊರಗೆಲ್ಲ ಸೋಪುನೀರು ಬಳಿದೆ. ನೀನು ಮೂರು ಬೇಸಿಗೆ ಅಂಟು ಮೆತ್ತಿದ ಛಾವಣಿ ತುಟಿ ಬಿಚ್ಚಲಿಲ್ಲ. ಹಿಂದಿನ ಕೆಂಪು ದೀಪದ ಸುತ್ತ ಮಾತ್ರ, ಹಸುಗೂಸಿನ ಬಾಯಲ್ಲಿ ಬರುವಂತೆ, ಗುಳ್ಳೆ ಗುಳ್ಳೆ! ನನ್ನ ಕೂಗು ಕೇಳಿ ಪಕ್ಕದ ಮನೆಯ ಓರ್ಪಾ, "ಏನೇ ಆರ್ಡಿತ್, ಹಾವು ಕಂಡ್ಯಾ, ದೇವದೂತನ್ನ ಕಂಡ್ಯಾ?" ಅಂದಳು.

ಪ್ರಾರ್ಥನೆಗೆ ಹೊರಟೆ. ಒಲೆಯ ಮೇಲೆ ಸೂಪಿದೆ. ಉಂಡು, ದೀಪ ಬಿಚ್ಚಿ, ಹಳೆಯ ಅಂಟು ಪೂರಾ ಕೆರೆದು, ಹೊಸದು ಹಚ್ಚು. ನಾಳೆ ನೀನು ಹೊರಗಿಂದ ಪೈಪಿನಲ್ಲಿ ನೀರು ಹೊಡಿ, ನಾನು ಒಳಗೆ ಕೂರುತ್ತೇನೆ. ನನ್ನ ತಲೆ ಒದ್ದೆಯಾಗದಿದ್ದರೆ, ಈ ವರ್ಷ ಸರೋವರದ ದಂಡೆಯ ಸತ್ಸಂಗಕ್ಕೆ ಗುಡಾರ ಹೊರುವುದು ಬೇಡ, ಈ ಗಾಲಿಮನೆಯನ್ನೇ ಎಳೆದುಕೊಂಡು ಹೋಗೋಣ.

ಆರ್ಡಿತ್